ದನಿಗೆ ನೌಕರಿ, ನನಗೆ ವಿಷಾದ

ಗೃಹಬಳಕೆಯ ಯಂತ್ರಗಳನ್ನು ಮಾರುವ ಪ್ರತಿಷ್ಠಿತ ಕಂಪನಿಯ ಮುಖ್ಯ ಕಚೇರಿಯಲ್ಲಿ, ಮೆಟ್ಟಿಲ ಕೆಳಗಿನ ಕಬ್ಬಿಣದ ಕಪಾಟಿನೊಳಗೆ ವಿರಾಜಮಾನರಾಗಿ, ಹಗಲಿರುಳೆನ್ನದೆ ಕರೆಗಳಿಗೆ ಉತ್ತರ ಕೊಡುತ್ತಿರುವ ಟೆಲಿಫೋನ್ ಯಂತ್ರದ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮ ತಂತಿಗಳೆಲ್ಲ ಕ್ಷೇಮವೆಂದೂ, ಕಪಾಟಿಗೆ ಜಿರಳೆಗಳು ನುಗ್ಗಿಲ್ಲವೆಂದೂ ನಂಬಿ, ಮೊದಲಿಗೆ ತಮಗೆ ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಶ್ರೀಮತಿ ಎನ್ನಬೇಕೋ ಕುಮಾರಿ ಎನ್ನಬೇಕೋ ತಿಳಿಯದೆ ಬರಿದೇ ಮಾನ್ಯರೇ ಎಂದಿದ್ದೇನೆ, ಕ್ಷಮಿಸಬೇಕು. ಈ ವಿಷಯವನ್ನು ಫೋನಿನಲ್ಲೇ ಅರಿಕೆ ಮಾಡಿಕೊಳ್ಳಬಹುದಿತ್ತು, ನಿಜ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ತಾವು ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಶುರು ಮಾಡಿಬಿಡುತ್ತೀರಿ. ಎದುರಿನವರು ಅಳುತ್ತಿರಲಿ ಬಯ್ಯುತ್ತಿರಲಿ ತಮ್ಮ ಮಾತಿನ ಧಾಟಿ ಒಂದಿಷ್ಟೂ ಬದಲಾಗುವುದಿಲ್ಲ. ಅಂಥ ಸ್ಥಿತಪ್ರಜ್ಞರೊಂದಿಗೆ ವಾದಕ್ಕಿಳಿಯುವ ಶಕ್ತಿ ನನಗಿಲ್ಲವಾದ್ದರಿಂದ, ಊರೆಲ್ಲ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗೆ ನನ್ನ ಪರಿಚಯವಿರಲಾರದು. ದೊಡ್ಡ ಹುದ್ದೆಗೇರಿದವರಿಗೆ ಹಳೆಯವರ ನೆನಪು ಇರಬೇಕೆಂದು ಬಯಸುವುದೂ ತಪ್ಪು. ಆದರೂ ಹೇಳಿಕೊಳ್ಳುತ್ತೇನೆ: ತಾವು ಇಷ್ಟು ವರ್ಷಗಳಿಂದ ಯಾವ ದನಿಯಲ್ಲಿ ಜನರನ್ನು ಕಾಯಿಸುತ್ತಾ ಬಂದಿದ್ದೀರೋ ಆ ದನಿ ನನ್ನದು. ತಮ್ಮ ಕಪಾಟು ನಿಂತಿರುವ ಜಾಗದಲ್ಲಿ ಒಂದು ಕಾಲದಲ್ಲಿ ನನ್ನ ಕುರ್ಚಿಯಿತ್ತು. ಬಂದ ಕರೆಯನ್ನು ಎತ್ತಿ, ಕೇಳಿ, ಮಾರಾಟದವರಿಗೋ ರಿಪೇರಿಯವರಿಗೋ ದಾಟಿಸುವ ಟೆಲಿಫೋನ್ ಆಪರೇಟರ್ ನಾನಾಗಿದ್ದೆ. ಒಂದು ದಿನ ಆಗಿನ ಮ್ಯಾನೇಜರು ಕರೆದು, ನಿಮಗೆ ಕೆಲಸದ ಹೊರೆ ಜಾಸ್ತಿಯಾಗಿದೆ, ಕೈಕೆಳಗೆ ಸಹಾಯಕ್ಕೊಂದು ಯಂತ್ರ ತರಿಸುತ್ತಿದ್ದೇವೆ, ಅದಕ್ಕೆ ನಿಮ್ಮ ಕಂಠವನ್ನೇ ಕೊಡಬೇಕು ಎಂದು ಅಕ್ಕರೆಯಿಂದ ಕೇಳಿಕೊಂಡರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಪತ್ರ ಬರೆದು ತಂಗಿಗೂ ತಿಳಿಸಿದೆ.

ತಮಗೆ ದನಿ ತುಂಬಿದ್ದು ಫ್ರಿಜ್ಜುಗಳ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದ ಗೋದಾಮಿನ ಒಂದು ಮೂಲೆಯಲ್ಲಿ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಸುತ್ತಲೂ ಕಂಬಳಿಗಳನ್ನು ಇಳಿಬಿಟ್ಟಿದ್ದರು. ಸೆಕೆಗೆ ನಾನು ಬೆವರಿ ಒದ್ದೆಮುದ್ದೆಯಾಗಿದ್ದೆ. ವಾಕ್ಯಗಳನ್ನು ಇಡಿಯಾಗಿ ಓದುವಂತಿರಲಿಲ್ಲ, ತುಂಡು ತುಂಡಾಗಿ ಓದಬೇಕಿತ್ತು, ಆಮೇಲೆ ಅವರೇ ಬೇಕಾದಂತೆ ಹೊಲಿದುಕೊಳ್ಳುತ್ತಿದ್ದರು. ರೆಕಾರ್ಡಿಂಗಿನವನು ಪದೇ ಪದೇ ತಡೆದು, ಮುಖದಲ್ಲಿ ನಗುವಿದ್ದರೆ ದನಿಯಲ್ಲೂ ಇಳಿಯುತ್ತದೆ ಮೇಡಂ, ನಗುತ್ತಾ ಓದಿ ಎನ್ನುತ್ತಿದ್ದ. ಹಾಗಾಗಿ ಎಲ್ಲವನ್ನೂ ನಗುತ್ತಲೇ ಓದಿದೆ. ಎಲ್ಲ ಸಿಬ್ಬಂದಿಯೂ ಬೇರೆ ಕರೆಗಳಲ್ಲಿದ್ದಾರೆ ಎಂಬುದನ್ನು ನಗುತ್ತಾ ಓದಿದೆ, ಬಿಡಿಭಾಗಗಳು ಸಿಗುವುದಿಲ್ಲ ಎಂಬುದನ್ನು ನಗುತ್ತಾ ಓದಿದೆ. ಆ ದಿನಗಳಲ್ಲಿ ಕೆಲಸ ಕೇಳಿಕೊಂಡು ಫೋನ್ ಮಾಡುವವರ ಕಾಟ ಬಹಳವಿದ್ದುದರಿಂದ ಅವರಿಗೂ ಒಂದು ಮಾತು ಬೇಕೆಂದು ಮ್ಯಾನೇಜರು ಬರೆದುಕೊಟ್ಟಿದ್ದನ್ನೂ ನಗುತ್ತಲೇ ಓದಿದೆ: ಸದ್ಯ ತಮಗೆ ಹೊಂದುವಂಥ ಕೆಲಸ ನಮ್ಮಲ್ಲಿಲ್ಲ, ವಿಷಾದಿಸುತ್ತೇವೆ.

ತಾವು ಬಂದಿರಿ. ಮಾತು ಕೊಟ್ಟಂತೆಯೇ ನನ್ನ ಹೊರೆ ಇಳಿಯಿತು. ಮೊದಲು ಕರೆಗಳು ಇಳಿದವು, ಆಮೇಲೆ ಕುರ್ಚಿ ಹೋಯಿತು, ಕೊನೆಗೆ ಹೊರೆಯೆಂದು ನಾನೊಬ್ಬಳೇ ಉಳಿದಾಗ ನನ್ನನ್ನೂ ಇಳಿಸಿದರು. ಬೀಳ್ಕೊಡುಗೆಯಲ್ಲಿ ಕೈಗೊಂದು ಗೋಡೆ ಗಡಿಯಾರವನ್ನಿಟ್ಟು ಚಪ್ಪಾಳೆ ತಟ್ಟಿದರು. ಗಡಿಯಾರ ರಿಪೇರಿ ಮಾಡುವವನ ಹೆಂಡತಿಗೆ ಗಡಿಯಾರದ ಉಡುಗೊರೆ ಕೊಡಬೇಕೆಂದು ಹೊಳೆಯಿತಲ್ಲ, ಅಂಥ ಬುದ್ಧಿವಂತರಿದ್ದ ಕಚೇರಿ ಅದು.

ಆಮೇಲೆ ನಾನು ಹಲ್ಲಿನ ಡಾಕ್ಟರೊಬ್ಬರ ದವಾಖಾನೆಯ ಮುಂಬಾಗಿಲ ಮೇಜಿನಲ್ಲಿ ಬಹುಕಾಲ ಕುಳಿತೆ. ಕೆನ್ನೆ ಊದಿಸಿಕೊಂಡು ಬಂದವರನ್ನು ಸಮಾಧಾನಪಡಿಸಿ ಕೂರಿಸುವುದು ನನ್ನ ಕೆಲಸ. ಡಾಕ್ಟರಿಗೆ ವಯಸ್ಸಾಯಿತು, ದವಾಖಾನೆಯನ್ನು ಬೇರೆಯವರಿಗೆ ಕೊಟ್ಟರು. ಹೊಸ ಡಾಕ್ಟರು ಹೊಸ ಕುರ್ಚಿಗಳನ್ನೂ ಹೊಸ ಹುಡುಗಿಯರನ್ನೂ ಜೊತೆಗೇ ತಂದರು. ಅದೇ ಹೊತ್ತಿಗೆ ನಮ್ಮ ಯಜಮಾನರ ಕಣ್ಣು ಮಂಜಾಗತೊಡಗಿತು. ಜೀವಮಾನವೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲಿನಂಥ ಸ್ಪ್ರಿಂಗುಗಳನ್ನು ಕೂರಿಸಿದ ಮನುಷ್ಯನಿಗೆ ಈಗ ಗಂಟೆಯ ಮುಳ್ಳು ಯಾವುದು ನಿಮಿಷದ ಮುಳ್ಳು ಯಾವುದು ಎಂದೂ ಕಾಣುವುದಿಲ್ಲ. ಕಣ್ಣಿನ ನರವೇ ಸೊರಗಿದೆ, ಔಷಧಿ ಬಿಡುತ್ತಾ ಇದ್ದರೆ ಇರುವಷ್ಟಾದರೂ ಉಳಿಯುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅಂಗಡಿಗೆ ಬೀಗ ಬಿತ್ತು. ಆ ಔಷಧಿಯ ಸೀಸೆ ಬರಿದಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ಈಗ ನನ್ನದು, ಮತ್ತು ನನಗೆ ಕೆಲಸವಿಲ್ಲ. ವಿಷಯ ಇಷ್ಟೇ, ಇದರಲ್ಲಿ ತಮಾಷೆ ಏನೂ ಇಲ್ಲ. ತಮಾಷೆಯೆಲ್ಲ ಇದರ ಮುಂದಿದೆ.

ಕೆಲಸ ಹುಡುಕಿ ಚಪ್ಪಲಿ ಸವೆಸಿದ ಕಥೆಯನ್ನು ವಿಸ್ತಾರವಾಗಿ ಹೇಳಿ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವುದಿಲ್ಲ. ಅನುಭವಸ್ಥರು ಬೇಕಾಗಿದ್ದಾರೆ ಎಂದು ಬೋರ್ಡು ಹಾಕಿದವರೆಲ್ಲ ನನ್ನ ಅನುಭವವನ್ನು ಕಂಡು ಗಾಬರಿಯಾದರು. ಇಪ್ಪತ್ತೈದು ವರ್ಷದ ಅನುಭವವಿರುವ ಇಪ್ಪತ್ತೆರಡು ವರ್ಷದವರು ಯಾರಾದರೂ ಇದ್ದರೆ ಕಳಿಸಿ ಎಂಬಂತಿತ್ತು ಅವರ ನೋಟ. ಬಟ್ಟೆಯಂಗಡಿಯವರು ನಮ್ಮಲ್ಲಿ ದಿನವಿಡೀ ನಿಂತೇ ಇರಬೇಕು ಅಮ್ಮಾ ಎಂದು ಕನಿಕರಪಟ್ಟು, ಅಷ್ಟು ಹೊತ್ತೂ ನನ್ನನ್ನು ನಿಲ್ಲಿಸಿಯೇ ಮಾತನಾಡಿಸಿದರು. ಶಿಶುವಿಹಾರದವರು ಮಕ್ಕಳಿಗೆ ಅಜ್ಜಿಯರೆಂದರೆ ಬಲು ಇಷ್ಟ, ಆದರೆ ಅಜ್ಜಿಯರು ಮಕ್ಕಳ ಮನೆಯಲ್ಲೇ ಇರುತ್ತಾರಲ್ಲ ಎಂದರು. ಹೊತ್ತು ಹೋಗದೆ ಬಂದಿರಬೇಕು ಪಾಪ ಎಂದು ಒಬ್ಬರು ನನ್ನೆದುರಿಗೇ ಇನ್ನೊಬ್ಬರಿಗೆ ಹೇಳಿದರು. ನನ್ನ ಹೊತ್ತು ಚೆನ್ನಾಗಿಯೇ ಹೋಗುತ್ತಿದೆ ಮಾನ್ಯರೇ, ಹಿಡಿದು ನಿಲ್ಲಿಸಲಾಗದಷ್ಟು ಜೋರಾಗಿ ಹೋಗುತ್ತಿದೆ, ನನಗೆ ಬೇಕಾಗಿರುವುದು ಸಂಬಳ.

ಹೀಗಿರುವಾಗ ತಮ್ಮ ಕಂಪನಿಯ ಪ್ರಕಟಣೆ ಕಣ್ಣಿಗೆ ಬಿತ್ತು. ಯಂತ್ರದೊಂದಿಗೆ ಮಾತನಾಡಿ ರೋಸಿಹೋದ ಗ್ರಾಹಕರ ಅನುಕೂಲಕ್ಕಾಗಿ, ಫೋನಿನಲ್ಲಿ ಮನುಷ್ಯರಂತೆ ಮಾತನಾಡಬಲ್ಲ ಮನುಷ್ಯರು ಬೇಕಾಗಿದ್ದಾರೆಂದು ಅದರ ಸಾರಾಂಶ. ನನ್ನ ಕುರ್ಚಿ ತಿರುಗಿ ಬಂದಿದೆ ಎಂದುಕೊಂಡೆ. ಕೂಡಲೇ ವಿಚಾರಿಸೋಣವೆಂದು ಫೋನ್ ಮಾಡಿದರೆ, ಆಹಾ, ಎತ್ತಿದವರು ತಾವು!

ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಕರೆ ತಮಗೆ ಬಹಳ ಮುಖ್ಯವೆಂದು ಹೇಳಿದಿರಿ; ಈಚೆಗೆ ನನಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲವಾದ್ದರಿಂದ ಕಣ್ಣಲ್ಲಿ ನೀರು ಬಂತು. ಲೈನಿನಲ್ಲಿಯೇ ಇರಿ ಎಂದಿರಿ, ಇದ್ದೆ. ನಡುವೆ ಪಿಟೀಲು ಬಾರಿಸಿದಿರಿ, ಕೇಳಿದೆ. ಅನ್ನ ಸೀದು ಹೋಯಿತು, ಹಾಲಿನವನು ಬಾಗಿಲು ತಟ್ಟಿ ತಟ್ಟಿ ಹೋದ, ತಾವು ಮಾತ್ರ ನಗುನಗುತ್ತಾ ಇನ್ನೂ ಸ್ವಲ್ಪ ಕಾಯಿರಿ ಎನ್ನುತ್ತಲೇ ಇದ್ದಿರಿ. ನನ್ನದೇ ಗಂಟಲು ನನ್ನನ್ನು ಹೀಗೆ ಗೋಳುಹುಯ್ದುಕೊಳ್ಳುವುದನ್ನು ಕೇಳುತ್ತಾ, ಮನೆಯಲ್ಲಿ ನಾನು ಹೀಗೆಲ್ಲಾ ಮಾತನಾಡಿದ್ದರೆ ಯಜಮಾನರು ಎಷ್ಟು ಸುಖವಾಗಿರುತ್ತಿದ್ದರು ಎಂದು ಅನಿಸಿತು. ಹೇಳಬಾರದು, ಆದರೂ ಹೇಳುತ್ತೇನೆ: ನಾವು ಜಗಳವಾಡಿ ನಾನು ಮಾತು ಬಿಟ್ಟಾಗಲೆಲ್ಲ ಅವರು ಅಂಗಡಿಯಿಂದ ತಮಗೆ ಫೋನ್ ಮಾಡುತ್ತಿದ್ದರಂತೆ, ಹೆಂಡತಿ ಮರ್ಯಾದೆಯಿಂದ ಮಾತನಾಡುವುದನ್ನು ಸ್ವಲ್ಪ ಹೊತ್ತು ಕೇಳಿ ಇಟ್ಟುಬಿಡುತ್ತಿದ್ದರಂತೆ. ನನ್ನ ಸಂಸಾರವನ್ನು ಇಷ್ಟು ಕಾಲ ಉಳಿಸಿಕೊಟ್ಟಿದ್ದಕ್ಕಾಗಿ ತಮಗೆ ಪ್ರತ್ಯೇಕವಾಗಿ ವಂದನೆಗಳು.

ಅಂತೂ ಸಂದರ್ಶನಕ್ಕೆ ಹೋದೆ. ನನ್ನನ್ನು ಬರಮಾಡಿಕೊಂಡ ಅಧಿಕಾರಿ ವಯಸ್ಸಿನಲ್ಲಿ ನನ್ನ ತಂಗಿಯ ಮಗನಂತಿದ್ದರು, ವಿನಯದಲ್ಲಿ ಅವನಿಗಿಂತ ಎಷ್ಟೋ ಮೇಲು. ಆಂಟಿ ಎನ್ನಲು ಬಾಯಿ ತೆರೆದು ಮೇಡಂ ಎಂದು ಮುಚ್ಚಿದರು. ಕಿವಿಗೊಂದು ಹೆಡ್‌ಫೋನ್ ಹಾಕಿಸಿ, ಗ್ರಾಹಕರೊಬ್ಬರ ವಾಷಿಂಗ್ ಮೆಷಿನ್ನು ನೀರು ಕಾರುತ್ತಿದೆ, ಸಮಾಧಾನ ಹೇಳಿ ನೋಡೋಣ ಎಂದರು. ಹೇಳಿದೆ. ನನ್ನ ದನಿಯಲ್ಲಿ ತೂಕವಿದೆಯಂತೆ, ಕೇಳಿದವರಿಗೆ ಅತ್ತೆಯಿಂದ ಬಯ್ಸಿಕೊಂಡ ಹಾಗಾಗುತ್ತದಂತೆ. ನಮ್ಮ ಕಂಪನಿಗೊಂದು ದನಿಯಿದೆ, ಎಲ್ಲರೂ ಅದರ ಮಟ್ಟಕ್ಕೆ ಬರಬೇಕು ಎನ್ನುತ್ತಾ, ಮಾದರಿಗೆಂದು ಮೇಜಿನ ಮೇಲಿನ ಫೋನನ್ನು ಒತ್ತಿ ತಮ್ಮ ದನಿಯನ್ನೇ ಕೇಳಿಸಿದರು.

"ಈ ಮೇಡಂ ಥರ ಒಂಚೂರು ಟ್ರೈ ಮಾಡಿ ಮೇಡಂ" ಎಂದರು.

ನಾನು ಪ್ರಯತ್ನಿಸಿದೆ ಮಾನ್ಯರೇ, ಮನಸ್ಸಿಟ್ಟು ಪ್ರಯತ್ನಿಸಿದೆ. ಒಮ್ಮೆ ಎಳೆದು ಹೇಳಿದೆ, ಒಮ್ಮೆ ತೇಲಿಸಿ ಹೇಳಿದೆ, ಹಲ್ಲು ಕಾಣುವಂತೆ ನಕ್ಕೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಸಂಗೀತ ವಿದ್ವಾಂಸರಂತೆ ಕೇಳಿ, ಹತ್ತಿರ ಬಂದಿದೆ, ಆದರೆ ಆ ಆತ್ಮೀಯತೆ ಬರುತ್ತಿಲ್ಲ, ಅದು ಹುಟ್ಟಿನಿಂದಲೇ ಬರಬೇಕು ಎಂದು ತೀರ್ಪಿತ್ತರು. ನಾನು ನನ್ನಂತೆ ಮಾತನಾಡುವುದರಲ್ಲಿ ನಪಾಸಾದೆ. ಆಗ ತಡೆಯಲಾರದೆ ಅದು ನನ್ನದೇ ದನಿ ಎಂದೆ. ಅವರು ನನಗೆ ನೋವಾಗದಂತೆ ನಕ್ಕರು. ಕಚೇರಿಯಲ್ಲಿ ಹಳಬರು ಯಾರಾದರೂ ಇದ್ದರೆ ಕೇಳಿ ಎಂದೆ. ಹಳಬರನ್ನು ಇಟ್ಟುಕೊಳ್ಳುವ ಪದ್ಧತಿಯಿಲ್ಲ ಎಂದರು.

ತನ್ನ ದನಿ ತನ್ನದೆಂದು ಮನುಷ್ಯರು ಹೇಗೆ ರುಜುವಾತು ಮಾಡುತ್ತಾರೆ ಎಂಬುದು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನನಗಂತೂ ಅದೃಷ್ಟಕ್ಕೆ ಒಂದು ವಿಷಯ ನೆನಪಾಯಿತು. ಆ ದಿನ ಗೋದಾಮಿನಲ್ಲಿ ಸದ್ದಾಗಬಾರದೆಂದು ಕೈಬಳೆಗಳನ್ನೆಲ್ಲ ತೆಗೆಸಿದ್ದರು, ಒಂದೇ ಒಂದು ಮಾತ್ರ ಮಣಿಕಟ್ಟು ದಾಟಿ ಬಂದಿರಲಿಲ್ಲ. ಒಂಬತ್ತನ್ನು ಓದುವಾಗ ಹಾಳೆ ತಿರುವಲು ಹೋಗಿ ಅದು ಮೇಜಿಗೆ ತಗುಲಿತ್ತು, ಹೊತ್ತಾಯಿತೆಂದು ಮತ್ತೆ ಓದಿಸಿರಲಿಲ್ಲ. ಒಂಬತ್ತು ಎಂದ ಕೂಡಲೇ ಕಿಣಿ ಎನ್ನುತ್ತದೆ ಕೇಳಿ ಎಂದೆ. ಕೇಳಿದರು. ಕಿಣಿ ಎಂದಿತು. ಎರಡನೆಯ ಸಲ ಕೇಳುವಾಗ ಅವರ ಮುಖದ ಬಣ್ಣವೇ ಬದಲಾಗಿ, ಎದ್ದು ನಿಂತು ಕೈಮುಗಿದರು. ದಿನವೂ ನಿಮ್ಮ ದನಿ ಕೇಳಿಯೇ ನಾನು ಕೆಲಸ ಶುರು ಮಾಡುವುದು ಎಂದರು, ಕಾಫಿ ತರಿಸಿದರು, ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆಸಿದರು. ಕೆಲಸ ಸಿಕ್ಕಿತೆಂದೇ ನಾನು ತಿಳಿದೆ. ಸಂಜೆ ಯಜಮಾನರಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ್ದೆ.

ಕಾಫಿ ಮುಗಿಯುವವರೆಗೆ ಕಾದು ಅವರು ಹೇಳಿದರು.

"ಈಗ ಒಂದು ತೊಂದರೆ ಆಯ್ತಲ್ಲ ಮೇಡಂ. ಜನ ಈ ದನಿಯಿಂದ ತಪ್ಪಿಸ್ಕೊಳ್ಳೋಕೇ ಅಲ್ವಾ ಮನುಷ್ಯರು ಬೇಕು ಅಂತಿರೋದು? ಅಷ್ಟು ಹೊತ್ತು ಕಾದ ಮೇಲೆ ನೀವು ಎತ್ಕೊಂಡ್ರೆ, ಇನ್ನೂ ಮೆಷಿನ್ನೇ ಅಂದ್ಕೊಂಡು ಬೈದು ಇಟ್ಬಿಡ್ತಾರೆ."

ಎಂಥ ತರ್ಕ! ತಮ್ಮಂತೆ ಮಾತನಾಡಲು ಬಾರದ್ದಕ್ಕೆ ನಾನು ಒಮ್ಮೆ ಅನರ್ಹಳಾದೆ, ತಮ್ಮಂತೆಯೇ ಮಾತನಾಡುತ್ತೇನೆಂದು ಗೊತ್ತಾದದ್ದಕ್ಕೆ ಇನ್ನೊಮ್ಮೆ ಅನರ್ಹಳಾದೆ, ಅದೂ ಒಂದೇ ಕುರ್ಚಿಯಲ್ಲಿ ಕುಳಿತು, ಒಂದೇ ಮಧ್ಯಾಹ್ನದಲ್ಲಿ. ಇಂಥ ಗೌರವ ಬೇರೆ ಯಾವ ಅಭ್ಯರ್ಥಿಗೂ ಸಿಕ್ಕಿರಲಾರದು. ಊರಿನ ಅರ್ಧದಷ್ಟು ಜನ ನನ್ನ ದನಿ ಕೇಳಿದರೆ ಹಲ್ಲು ಕಡಿಯುತ್ತಾರೆಂಬ ಸಂಗತಿಯೂ ಅಂದೇ ತಿಳಿಯಿತು; ಹಲ್ಲಿನ ದವಾಖಾನೆಯಲ್ಲಿ ಕೆಲವರು ನಾನು ಬಾಯಿ ತೆರೆದ ಕೂಡಲೇ ಯಾಕೆ ಅಷ್ಟು ಸಿಡುಕುತ್ತಿದ್ದರು ಎಂಬುದು ಅರ್ಥವಾಯಿತು. ಅಧಿಕಾರಿಗಳು ಬಾಗಿಲವರೆಗೆ ಬಂದು, ಯಾವುದಕ್ಕೂ ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದರು. ಆ ಮಾತನ್ನು ನಂಬಿ ನಾನು ಫೋನಿನ ಪಕ್ಕದಲ್ಲೇ ಓಡಾಡಿಕೊಂಡಿದ್ದೆ. ಮರ್ಯಾದೆಗೇಡು ಎನಿಸಿದರೂ ನಿಜವನ್ನು ಹೇಳಬೇಕು, ನನಗೆ ಆ ಕೆಲಸ ಬೇಕಿತ್ತು.

ಅವರು ಮಾತಿಗೆ ತಪ್ಪಲಿಲ್ಲ, ತಿಳಿಸಿದರು. ಆದರೆ ಆಯ್ಕೆಯಾಗದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡುವ ಬೇಸರದ ಕೆಲಸವನ್ನು ಯಾರು ಮಾಡಬೇಕು? ತಮಗೇ ವಹಿಸಿದ್ದರು.

ತಾವು ಕರೆ ಮಾಡಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಕೈ ಒದ್ದೆಯಾಗಿದ್ದರಿಂದ ಮೊಬೈಲಿನ ಸ್ಪೀಕರನ್ನು ಮೊಣಕೈಯಿಂದ ಒತ್ತಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಯಜಮಾನರು ನಡುಮನೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಅಂಗಾತ ಮಲಗಿದ್ದರು. ತಾವು ನಮಸ್ಕಾರ ಎಂದಿರಿ. ನಾನೂ ನಮಸ್ಕಾರ ಎಂದೆ. ಆಮೇಲೆ ತಾವು, ಬೆವರುತ್ತಾ ಕಂಬಳಿಗಳ ನಡುವೆ ನಿಂತು ನಾನೇ ಓದಿದ್ದ ಆ ಮಾತನ್ನು, ನಾನು ಓದಿದ್ದ ಹಾಗೆಯೇ ನಗುತ್ತಾ ಹೇಳಿದಿರಿ. ಸದ್ಯ ತಮಗೆ ಹೊಂದುವಂಥ ಕೆಲಸ ನಮ್ಮಲ್ಲಿಲ್ಲ, ವಿಷಾದಿಸುತ್ತೇವೆ. ಎಷ್ಟು ಚೆನ್ನಾಗಿ ಓದಿದ್ದೇನೆ ಎಂದರೆ, ಒಂದು ಗಳಿಗೆ ನನಗೂ ಅದು ಒಳ್ಳೆಯ ಸುದ್ದಿಯಂತೆಯೇ ಕೇಳಿಸಿತು. ತಮ್ಮನ್ನು ಅಷ್ಟು ಚೆನ್ನಾಗಿ ಬಲ್ಲ ನಮ್ಮ ಯಜಮಾನರು ಕೂಡ, ಮುಚ್ಚಿದ ಕಣ್ಣಿನಲ್ಲಿ, ಅಡುಗೆಮನೆಯಿಂದ ಬಂದ ಆ ದನಿಗೆ ಮೋಸಹೋದರು.

"ಪಾಪ, ಯಾರಿಗೆ ಕೆಲಸ ಇಲ್ಲ ಅಂತಿದ್ದೀಯೇ?" ಎಂದು ಮಲಗಿದಲ್ಲಿಂದಲೇ ಕೇಳಿದರು.

ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಅವರು ಆ ಸದ್ದಿನ ನಡುವೆಯೇ, "ಅಷ್ಟು ಖಡಾಖಂಡಿತವಾಗಿ ಹೇಳ್ಬೇಡ, ಯಾರ ಮನೆ ಕಷ್ಟ ಹೇಗಿರುತ್ತೋ" ಎಂದರು. ಇಷ್ಟು ವರ್ಷಗಳ ಸಂಸಾರದಲ್ಲಿ ಅವರಿಂದ ನೂರು ಬುದ್ಧಿಮಾತು ಕೇಳಿದ್ದೇನೆ, ಆದರೆ ಈ ಮಾತು ಕರುಳಿಗೆ ಚುಚ್ಚಿದ ಹಾಗೆ ಇನ್ನಾವುದೂ ಚುಚ್ಚಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳಿವೆ. ವಾರಕ್ಕೊಂದು ದಿನವಾದರೂ ತಾವು ರಜೆ ಹಾಕಿ ನನ್ನನ್ನು ಬದಲಿಗೆ ಕಳಿಸಬೇಕು. ಕರೆ ಮಾಡಿದವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲವೆಂದು ತಮ್ಮ ಅಧಿಕಾರಿಗಳೇ ಹೇಳಿದ್ದಾರೆ. ಅದು ಆಗದಿದ್ದರೆ, ಪಿಟೀಲು ನಿಂತು ಮತ್ತೆ ಶುರುವಾಗುವ ನಡುವಿನ ಬಿಡುವಿನಲ್ಲಿ, ಈ ದನಿಯ ಒಡತಿ ಇನ್ನೂ ಬದುಕಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ, ನಾಳೆಯಿಂದಲೇ ಕೆಲಸಕ್ಕೆ ಬರಬಲ್ಲಳು ಎಂದು ಒಂದು ಮಾತು ಹಾಕಬೇಕು. ಅದೂ ಆಗದಿದ್ದರೆ ಕನಿಷ್ಠ ಪಕ್ಷ ತಾವು ನನ್ನೊಂದಿಗೆ ವಯಸ್ಸಾಗುವ ಸೌಜನ್ಯವನ್ನಾದರೂ ತೋರಿಸಬೇಕು. ಚಳಿಗಾಲದಲ್ಲಿ ಸ್ವಲ್ಪ ಕೆಮ್ಮಿ. ಒಂದೆರಡು ಅಂಕಿಗಳನ್ನು ಮರೆಯಿರಿ. ಸಂಜೆಯ ಹೊತ್ತಿಗೆ ಸುಸ್ತಾಗಿ, ಎಷ್ಟು ಸಲ ಹೇಳಬೇಕು ನಿಮಗೆ ಎಂದು ಒಮ್ಮೆ ಯಾರಿಗಾದರೂ ರೇಗಿ. ನಾನು ಒಬ್ಬಳೇ ಮುದುಕಿಯಾಗುತ್ತಾ, ತಾವು ಮಾತ್ರ ಅಂದಿನ ಸೊಸೆಯಂತೆಯೇ ಉಳಿದುಬಿಟ್ಟರೆ ನೋಡಿದವರು ಏನಂದುಕೊಂಡಾರು?

ತಮ್ಮ ಉತ್ತರವನ್ನು ಎದುರುನೋಡುತ್ತೇನೆ ಎಂದು ಬರೆಯುವುದು ವಾಡಿಕೆ. ಆದರೆ ಅದು ಯಾವ ದನಿಯಲ್ಲಿ ಬರುತ್ತದೆಂದು ಗೊತ್ತಿರುವುದರಿಂದ, ದಯವಿಟ್ಟು ಉತ್ತರಿಸಬೇಡಿ.

ಇಂತಿ,
ತಮ್ಮ ಬಾಯಲ್ಲಿ ಸದಾ ಇರುವ,
ತಮ್ಮ ವಿಶ್ವಾಸಿ,
ಹಿಂದಿನ ಟೆಲಿಫೋನ್ ಆಪರೇಟರ್

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕಲು ಹೊರಟಿದ್ದಾಗ ತಮ್ಮ ಅಧಿಕಾರಿಗಳೇ ಖುದ್ದಾಗಿ ಫೋನ್ ಮಾಡಿದ್ದರು. ಕಂಪನಿಯು ಈಗ ಏರ್‌ಕೂಲರುಗಳನ್ನೂ ಮಾರಲಿದೆಯಂತೆ, ಆ ಮಾತು ತಮ್ಮ ಹೊಟ್ಟೆಯಲ್ಲಿ ಇಲ್ಲವಂತೆ, ಬೇರೆ ಹುಡುಗಿಯರಿಂದ ಓದಿಸಿ ನೋಡಿದರೆ ತೇಪೆ ಹಾಕಿದಂತೆ ಕೇಳಿಸುತ್ತದಂತೆ, ಒಂದರ್ಧ ಗಂಟೆ ಬಂದು ಹೋಗಬೇಕಂತೆ. ಇದಕ್ಕೆ ನಿಮ್ಮನ್ನು ಬಿಟ್ಟರೆ ಇನ್ಯಾರೂ ಇಲ್ಲ ಮೇಡಂ ಎಂದರು. ಅರ್ಧ ಗಂಟೆಗೆ ಬರುವುದಿಲ್ಲ, ಬಂದರೆ ನೌಕರಿಗೇ ಬರುತ್ತೇನೆ, ಕುರ್ಚಿ ಸಮೇತ ಒಂದು ಅರ್ಜಿ ಬರೆದು ಕಳಿಸಿ, ಪರಿಶೀಲಿಸಿ ತಿಳಿಸುತ್ತೇನೆ ಎಂದಿದ್ದೇನೆ. ಬೇಸಿಗೆ ಹತ್ತಿರ ಬಂತು ಎಂದು ಅವರು ಗಾಬರಿಯಲ್ಲಿದ್ದಾರೆ. ಅವರದಿನ್ನೂ ಚಿಕ್ಕ ವಯಸ್ಸು, ಕಾಯುತ್ತಾರೆ ಬಿಡಿ.